ಬಳಸಿದ ವಿದ್ಯುತ್ ಕಾರಿನ ಜಾಹೀರಾತಿನಲ್ಲಿ ಬ್ಯಾಟರಿಯ ಆರೋಗ್ಯವೂ ಇರಲಿ

ಮಾನ್ಯ ಸಂಪಾದಕರಿಗೆ,

ತಮ್ಮ ಪತ್ರಿಕೆಯ ವರ್ಗೀಕೃತ ಜಾಹೀರಾತುಗಳ ಪುಟದಲ್ಲಿ ಈಚೆಗೆ ಬಳಸಿದ ವಿದ್ಯುತ್ ಕಾರುಗಳೂ ಕಾಣಿಸಿಕೊಳ್ಳುತ್ತಿವೆ. ಮಾದರಿಯ ಹೆಸರು, ತಯಾರಾದ ವರ್ಷ, ಓಡಿದ ಕಿಲೋಮೀಟರ್, ಎಷ್ಟನೆಯ ಮಾಲೀಕರು ಎಂಬ ವಿವರಗಳು ಅವುಗಳಲ್ಲಿ ತಪ್ಪದೆ ಇರುತ್ತವೆ. ಪೆಟ್ರೋಲ್ ಕಾರಾಗಿದ್ದರೆ ಒಂದು ಅಂದಾಜಿಗೆ ಬರಲು ಇಷ್ಟು ಸಾಕಾಗುತ್ತಿತ್ತು. ಆದರೆ ವಿದ್ಯುತ್ ಕಾರಿನ ಬೆಲೆಯನ್ನು ಬೇರೆಲ್ಲಕ್ಕಿಂತ ಹೆಚ್ಚಾಗಿ ನಿರ್ಧರಿಸಬೇಕಾದ ಸಂಗತಿ, ಅಂದರೆ ಅದರ ಬ್ಯಾಟರಿಯಲ್ಲಿ ಈಗ ಎಷ್ಟು ಸಾಮರ್ಥ್ಯ ಉಳಿದಿದೆ ಎಂಬುದು, ನಾನು ನೋಡಿದ ಒಂದು ಜಾಹೀರಾತಿನಲ್ಲೂ ಇರಲಿಲ್ಲ. ಈ ಕೊರತೆಯನ್ನು ತುಂಬಲು ತಮ್ಮ ಪತ್ರಿಕೆಯಿಂದಲೇ ಸಾಧ್ಯವಿದೆ ಎಂದು ನಂಬಿ ಈ ಪತ್ರ ಬರೆಯುತ್ತಿದ್ದೇನೆ.

ನಾನು ವೃತ್ತಿಯಿಂದ ಲೆಕ್ಕಪತ್ರ ನೋಡುವವನು, ಎಂಜಿನಿಯರ್ ಅಲ್ಲ. ಹಳೆಯ ವಿದ್ಯುತ್ ಕಾರೊಂದನ್ನು ಕೊಳ್ಳಲು ಹೊರಟಾಗ ಒಂದೇ ದಿನ ಎರಡು ಕಾರುಗಳನ್ನು ನೋಡಿದೆ. ಎರಡೂ ಒಂದೇ ಮಾದರಿಯವು, ಒಂದೇ ವರ್ಷದವು, ಎರಡಕ್ಕೂ ಬಳಕೆಗೆ ಸಿಗುವ ಬ್ಯಾಟರಿ ಸಾಮರ್ಥ್ಯ ಹೊಸದರಲ್ಲಿ 40 ಕಿಲೋವ್ಯಾಟ್ ಅವರ್, ಅಂದರೆ ಬಿಲ್ಲಿನ ಭಾಷೆಯಲ್ಲಿ 40 ಯೂನಿಟ್. ಮೊದಲನೆಯದು 38,000 ಕಿಲೋಮೀಟರ್ ಓಡಿತ್ತು, ಎರಡನೆಯದು 71,000 ಕಿಲೋಮೀಟರ್. ಕಡಿಮೆ ಓಡಿದ್ದಕ್ಕೆ ಹೆಚ್ಚು ಬೆಲೆ ಹೇಳಿದ್ದರು, ಅದರಲ್ಲಿ ಅನುಮಾನಪಡುವಂಥದ್ದೇನೂ ನನಗೆ ಕಂಡಿರಲಿಲ್ಲ. ಜೊತೆಗೆ ಬಂದಿದ್ದ ಗೆಳೆಯರು ಬೆಂಕಿಪೊಟ್ಟಣದಷ್ಟು ದೊಡ್ಡ ಬ್ಲೂಟೂತ್ ಸಾಧನವೊಂದನ್ನು ಸ್ಟಿಯರಿಂಗಿನ ಕೆಳಗೆ ದೋಷ ಪತ್ತೆಗೆಂದು ಇರುವ ಒಬಿಡಿ ಕಿಂಡಿಗೆ ಸಿಕ್ಕಿಸಿ, ತಮ್ಮ ಫೋನನ್ನು ನನ್ನ ಕೈಗೆ ಕೊಟ್ಟರು. ಮೊದಲ ಕಾರಿನಲ್ಲಿ ಬ್ಯಾಟರಿಯ ಆರೋಗ್ಯ, ಅಂದರೆ ಹೊಸದರ ಸಾಮರ್ಥ್ಯದಲ್ಲಿ ಈಗ ಉಳಿದಿರುವ ಪಾಲು, ಶೇ 81 ಎಂದು ತೋರಿಸಿತು, ಎರಡನೆಯದರಲ್ಲಿ ಶೇ 90. ವಿಚಾರಿಸಿದಾಗ ಕಾರಣವೂ ಸಿಕ್ಕಿತು. ಮೊದಲ ಕಾರನ್ನು ಅದರ ಮಾಲೀಕರು ಪೂರ್ತಿ ಚಾರ್ಜ್ ಮಾಡಿ ವಾರಗಟ್ಟಲೆ ಬಿಸಿಲಿನಲ್ಲಿ ನಿಲ್ಲಿಸುತ್ತಿದ್ದರು, ಊರಿಗೆ ಹೋಗುವಾಗ ಮಾತ್ರ ತೆಗೆಯುತ್ತಿದ್ದರು. ಎರಡನೆಯದು ದಿನವೂ ಕಚೇರಿಗೆ ಹೋಗಿ ಬಂದು ನೆರಳಿನಲ್ಲಿ ನಿಲ್ಲುತ್ತಿತ್ತು, ಶೇ 80 ಮುಟ್ಟಿದೊಡನೆ ಚಾರ್ಜ್ ನಿಲ್ಲುವಂತೆ ಹೊಂದಿಸಿಟ್ಟಿದ್ದರು. ಮೊದಲ ಕಾರಿನ ಮಾಲೀಕರು ಸುಳ್ಳು ಹೇಳಿದವರಲ್ಲ. ಕಡಿಮೆ ಓಡಿಸಿ ಕಾರನ್ನು ಜೋಪಾನ ಮಾಡಿದ್ದೇನೆಂದೇ ಅವರು ಪ್ರಾಮಾಣಿಕವಾಗಿ ತಿಳಿದಿದ್ದರು.

ಲಿಥಿಯಂ ಅಯಾನ್ ಬ್ಯಾಟರಿ ಓಡಿದ್ದರಿಂದಲೂ ಸವೆಯುತ್ತದೆ, ಸುಮ್ಮನೆ ನಿಂತಾಗ ವಯಸ್ಸಾಗಿಯೂ ಸವೆಯುತ್ತದೆ. ಶಾಖವಿದ್ದು, ಅದರ ಜೊತೆಗೆ ಬ್ಯಾಟರಿ ಪೂರ್ತಿ ತುಂಬಿದ ಸ್ಥಿತಿಯಲ್ಲಿಯೇ ಉಳಿದರೆ ಈ ಎರಡನೆಯ ಸವೆತ ವೇಗ ಪಡೆಯುತ್ತದೆ. ಸವೆತದ ಗತಿಯೂ ಸಮನಾಗಿರುವುದಿಲ್ಲ: ಮೊದಲ ಒಂದೆರಡು ವರ್ಷಗಳಲ್ಲಿ ಸಾಮರ್ಥ್ಯ ತುಸು ಬೇಗ ಇಳಿದು, ಆಮೇಲೆ ಇಳಿತ ನಿಧಾನವಾಗುವುದು ಸಾಮಾನ್ಯ. ಹೀಗಿರುವಾಗ ಓಡಿದ ಕಿಲೋಮೀಟರ್ ಒಂದನ್ನೇ ಹಿಡಿದು ಬೆಲೆ ಕಟ್ಟಿದರೆ, ಚೆನ್ನಾಗಿ ನೋಡಿಕೊಂಡವರಿಗೆ ದಂಡವನ್ನೂ ತಿಳಿಯದೆ ಕೆಡಿಸಿದವರಿಗೆ ಬಹುಮಾನವನ್ನೂ ಕೊಟ್ಟಂತಾಗುತ್ತದೆ.

ಕೊಳ್ಳುವವರನ್ನು ದಾರಿ ತಪ್ಪಿಸುವ ಇನ್ನೊಂದು ಸಂಗತಿ ಕಾರಿನ ಒಳಗೇ ಇದೆ. ಡ್ಯಾಶ್‌ಬೋರ್ಡಿನಲ್ಲಿ ಶೇ 100 ಎಂದು ಕಂಡರೆ, ಈಗ ಉಳಿದಿರುವ ಸಾಮರ್ಥ್ಯ ಪೂರ್ತಿ ತುಂಬಿದೆ ಎಂದಷ್ಟೇ ಅದರ ಅರ್ಥ. ಹೊಸದರಲ್ಲಿದ್ದ ಸಾಮರ್ಥ್ಯ ಹಾಗೆಯೇ ಉಳಿದಿದೆ ಎಂದಲ್ಲ. ಕುಗ್ಗಿದ ಕೊಡವೂ ತುಂಬಿದಾಗ ತುಂಬಿದ ಕೊಡವೇ ಅಲ್ಲವೇ? ಅದರ ಪಕ್ಕದಲ್ಲಿ ಕಾಣುವ ಕಿಲೋಮೀಟರ್ ಅಂದಾಜು ಅನೇಕ ಕಾರುಗಳಲ್ಲಿ ಈಚಿನ ಓಡಾಟವನ್ನು ಆಧರಿಸಿದ್ದು. ಮಾರುವವರು ಒಂದು ವಾರ ನಿಧಾನವಾಗಿ, ಹವಾನಿಯಂತ್ರಣ ಹಾಕದೆ ಓಡಿಸಿದರೆ ಸಾಕು, ಆ ಸಂಖ್ಯೆ ತಾನಾಗಿ ಏರುತ್ತದೆ.

ಸಾಧನವಿಲ್ಲದವರೂ ಒಂದು ಪರೀಕ್ಷೆ ಮಾಡಿಕೊಳ್ಳಬಹುದು. ಕಾರನ್ನು ಶೇ 20ಕ್ಕೆ ಇಳಿಸಿ, ಸಾಮಾನ್ಯ ಎಸಿ (ಪರ್ಯಾಯ ವಿದ್ಯುತ್) ಚಾರ್ಜರಿನಿಂದ ಶೇ 80ರವರೆಗೆ ಚಾರ್ಜ್ ಮಾಡಿ, ಗೋಡೆಯ ಬಳಿಯ ಮೀಟರ್ ಎಷ್ಟು ಯೂನಿಟ್ ತೋರಿಸಿತು ಎಂದು ಬರೆದಿಟ್ಟುಕೊಳ್ಳಬೇಕು. ಮೊದಲ ಕಾರಿನ ಮಾಲೀಕರು ದೊಡ್ಡ ಮನಸ್ಸಿನಿಂದ ಇದಕ್ಕೆ ಒಪ್ಪಿದರು. ಮೀಟರ್ 22 ಯೂನಿಟ್ ತೋರಿಸಿತು. ಚಾರ್ಜಿಂಗಿನಲ್ಲಿ ಶಾಖವಾಗಿ ನಷ್ಟವಾಗುವುದು ಸುಮಾರು ಶೇ 10 ಎಂದು ಕಳೆದರೆ 19.8 ಯೂನಿಟ್ ಬ್ಯಾಟರಿಗೆ ಸೇರಿತೆಂದಾಯಿತು. ಇದು ಶೇ 60 ಭಾಗವಾದ್ದರಿಂದ ಇಡೀ ಬ್ಯಾಟರಿಯ ಸಾಮರ್ಥ್ಯ 33 ಯೂನಿಟ್, ಅಂದರೆ ಹೊಸದರ ಶೇ 82ಕ್ಕೆ ಹತ್ತಿರ. ನಷ್ಟದ ಪ್ರಮಾಣ ಕಾರಿನಿಂದ ಕಾರಿಗೆ, ಚಾರ್ಜರಿನಿಂದ ಚಾರ್ಜರಿಗೆ ಬದಲಾಗುವುದರಿಂದ ಇದನ್ನು ಕರಾರುವಾಕ್ಕು ಎನ್ನಲಾಗದು. ಆದರೂ ಸಾಧನದ ಶೇ 81 ಸುಳ್ಳಲ್ಲವೆಂದು ತಿಳಿಯಲು ಅಷ್ಟು ಸಾಕಾಯಿತು. 100 ಕಿಲೋಮೀಟರಿಗೆ 15 ಯೂನಿಟ್ ಬಳಸುವ ಕಾರು ಹೊಸದರಲ್ಲಿ ಸುಮಾರು 267 ಕಿಲೋಮೀಟರ್ ಓಡಿದ್ದರೆ ಈಗ ಸುಮಾರು 216 ಕಿಲೋಮೀಟರ್ ಓಡುತ್ತದೆ. ಎರಡನೆಯ ಕಾರು 240. ಕೊಳ್ಳುವವರಿಗೆ ಬೇಕಾದ ಸಂಖ್ಯೆಗಳು ಇವೇ.

ಸಾಧನ ತೋರಿಸುವ ಸಂಖ್ಯೆಯನ್ನೂ ಕಣ್ಣು ಮುಚ್ಚಿ ನಂಬಬಾರದು. ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್ ರಸಾಯನದ ಬ್ಯಾಟರಿಯ ವೋಲ್ಟೇಜ್ ನಡುವಿನ ಬಹುಭಾಗದಲ್ಲಿ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಇರುವುದರಿಂದ, ಆಗಾಗ ಶೇ 100ರವರೆಗೆ ಚಾರ್ಜ್ ಮಾಡದಿದ್ದರೆ ಕಾರಿನ ಬ್ಯಾಟರಿ ನಿರ್ವಹಣಾ ವ್ಯವಸ್ಥೆಯ ಲೆಕ್ಕವೇ ತಪ್ಪುತ್ತದೆ. ನಿಕ್ಕಲ್ ಆಧಾರಿತ ಎನ್‌ಎಂಸಿ ಬ್ಯಾಟರಿಯನ್ನು ನಿತ್ಯ ಶೇ 80ಕ್ಕೆ ನಿಲ್ಲಿಸುವುದು ಒಳ್ಳೆಯ ಅಭ್ಯಾಸವಾದರೆ, ಎಲ್‌ಎಫ್‌ಪಿ ಕಾರಿಗೆ ಆಗೊಮ್ಮೆ ಈಗೊಮ್ಮೆ ಪೂರ್ತಿ ಚಾರ್ಜ್ ಬೇಕೇ ಬೇಕು. ಎಲ್‌ಎಫ್‌ಪಿ ಹೆಚ್ಚು ಬಾರಿ ಚಾರ್ಜ್ ಆಗಿಯೂ ಬಾಳುತ್ತದೆ ಎಂಬುದರಿಂದ ಹೆಚ್ಚು ಓಡಿದ ಅಂಥ ಕಾರನ್ನು ಕಂಡು ಹಿಂಜರಿಯಬೇಕಿಲ್ಲ. ಆದರೆ ಯಾವ ರಸಾಯನದ ಬ್ಯಾಟರಿ ಎಂದು ಕೇಳಿದಾಗ ಉತ್ತರಿಸಬಲ್ಲ ಮಾರಾಟಗಾರರು ನನಗೆ ಸಿಕ್ಕಿದ್ದು ಒಬ್ಬರೇ.

ಒಟ್ಟು ಆರೋಗ್ಯದ ಜೊತೆಗೆ ಸೆಲ್‌ಗಳ, ಅಂದರೆ ಬ್ಯಾಟರಿಯೊಳಗಿನ ಬಿಡಿ ಘಟಕಗಳ, ನಡುವಿನ ವ್ಯತ್ಯಾಸವನ್ನೂ ನೋಡಬೇಕು. ನಿಸಾನ್ ಲೀಫ್ ಕಾರಿನ 24 ಕಿಲೋವ್ಯಾಟ್ ಅವರ್ ಬ್ಯಾಟರಿಯಲ್ಲಿ 96 ಜೋಡಿ ಸೆಲ್‌ಗಳು ಒಂದರ ಹಿಂದೆ ಒಂದರಂತೆ ಸರಣಿಯಲ್ಲಿವೆ. ಇಂಥ ಸರಣಿಯಲ್ಲಿ ಒಂದು ದುರ್ಬಲವಾದರೂ ಇಡೀ ಬ್ಯಾಟರಿ ಅದರ ಮಿತಿಯಲ್ಲೇ ಕೆಲಸ ಮಾಡಬೇಕಾಗುತ್ತದೆ. ಚಾರ್ಜ್ ಕಡಿಮೆಯಾದಾಗ, ಏರಿನಲ್ಲಿ ಜೋರಾಗಿ ಓಡಿಸುವಾಗ ಒಂದು ಸೆಲ್ಲಿನ ವೋಲ್ಟೇಜ್ ಮಾತ್ರ ಉಳಿದವುಗಳಿಂದ ಬಹಳ ಕೆಳಗೆ ಕುಸಿಯುತ್ತಿದ್ದರೆ, ಆರೋಗ್ಯ ಶೇ 88 ಎಂದು ತೋರಿಸಿದರೂ ನಾನು ಆ ಕಾರನ್ನು ಕೊಳ್ಳುವುದಿಲ್ಲ. ಹಳೆಯ ಲೀಫ್‌ಗಳಲ್ಲಿ ನಿರ್ವಹಣಾ ವ್ಯವಸ್ಥೆಯನ್ನು ರೀಸೆಟ್ ಮಾಡಿ, ಕುಗ್ಗಿದ ಬ್ಯಾಟರಿಗೂ ಡ್ಯಾಶ್‌ಬೋರ್ಡಿನಲ್ಲಿ ಸಾಮರ್ಥ್ಯ ತೋರಿಸುವ 12 ಗೆರೆ ಪೂರ್ತಿ ಕಾಣುವಂತೆ ಮಾಡಿ ಮಾರಿದವರೂ ಇದ್ದಾರೆ. ಕೆಲವು ವಾರ ಓಡಿದ ಮೇಲೆ ಗೆರೆಗಳು ಮತ್ತೆ ಇಳಿದು ನಿಜಸ್ಥಿತಿಗೆ ಬರುತ್ತವೆ. ಆದ್ದರಿಂದ ನನ್ನ ಮಟ್ಟಿಗೆ ಗೆರೆಗಳಿಗಿಂತ ಯೂನಿಟ್ ಲೆಕ್ಕವೇ ಹೆಚ್ಚು ನಂಬಿಕೆಗೆ ಅರ್ಹ.

ತಯಾರಾದ ವರ್ಷವನ್ನು ನೋಡಿ ಬೆಲೆ ಹೇಳುವುದು ಎಷ್ಟು ಅಪಾಯದ ಅಭ್ಯಾಸ ಎಂಬುದಕ್ಕೆ ಜಗತ್ತು ಬಲ್ಲ ಎರಡು ಉದಾಹರಣೆಗಳಿವೆ. 2010ರ ಕೊನೆಯಲ್ಲಿ ಮಾರುಕಟ್ಟೆಗೆ ಬಂದ ಲೀಫ್‌ನ ಬ್ಯಾಟರಿಗೆ ದ್ರವದಿಂದ ತಂಪಾಗಿಸುವ ವ್ಯವಸ್ಥೆ ಇರಲಿಲ್ಲ. 2012ರಲ್ಲಿ ಅಮೆರಿಕದ ಅರಿಜೋನಾದ ಬಿಸಿಲಿನಲ್ಲಿ ಓಡಾಡುತ್ತಿದ್ದ ಕಾರುಗಳ ಸಾಮರ್ಥ್ಯ ನಿರೀಕ್ಷೆಗಿಂತ ಬೇಗ ಇಳಿದು ಮಾಲೀಕರು ದೂರಿದ ಮೇಲೆ, ಕಂಪನಿ ಸಾಮರ್ಥ್ಯದ ಮೇಲೂ ವಾರಂಟಿ ಘೋಷಿಸಬೇಕಾಯಿತು. ತಂಪು ನಾಡಿನಲ್ಲಿ ಓಡಿದ ಅದೇ ವರ್ಷದ ಕಾರು ಬೇರೆಯೇ ಸ್ಥಿತಿಯಲ್ಲಿರುತ್ತದೆ. ಎರಡನೆಯದು ಷೆವರ್ಲೆ ಬೋಲ್ಟ್. ಬೆಂಕಿಯ ಅಪಾಯದ ಕಾರಣ 2021ರಲ್ಲಿ ಆವರೆಗೆ ಮಾರಿದ್ದ ಬೋಲ್ಟ್‌ಗಳನ್ನೆಲ್ಲ ವಾಪಸು ಕರೆದಾಗ, ಅನೇಕ ಹಳೆಯ ಕಾರುಗಳಿಗೆ ಹೊಸ ಬ್ಯಾಟರಿಯೂ ಅದರೊಂದಿಗೆ ಹೊಸ ವಾರಂಟಿಯೂ ಸಿಕ್ಕವು. ಹಾಗೆ ಬ್ಯಾಟರಿ ಬದಲಾದ 2017ರ ಕಾರು, ಬದಲಾಗದ ಎರಡು ಮೂರು ವರ್ಷ ಈಚಿನ ಕಾರಿಗಿಂತ ಹೆಚ್ಚು ಬೆಲೆಗೆ ಅರ್ಹವಾಗಬಹುದು. ವರ್ಷ ಮತ್ತು ಕಿಲೋಮೀಟರ್ ಮಾತ್ರ ಇರುವ ಜಾಹೀರಾತಿನಲ್ಲಿ ಇದು ಯಾರಿಗೂ ಕಾಣುವುದಿಲ್ಲ.

ಇನ್ನು ಬೆಲೆಯ ಮಾತು. ಮಾರುವವರು ತಾವು ಕೊಟ್ಟ ಬೆಲೆಯಿಂದ ಲೆಕ್ಕ ಶುರು ಮಾಡುತ್ತಾರೆ. ವಿದ್ಯುತ್ ಕಾರಿನಲ್ಲಿ ಇದು ಸಲ್ಲದು, ಏಕೆಂದರೆ ಹೊಸ ಕಾರಿನ ಬೆಲೆಯೇ ಇಳಿಯುತ್ತ ಬಂದಿದೆ. ಇಂಧನ ಕ್ಷೇತ್ರದ ಸಂಶೋಧನಾ ಸಂಸ್ಥೆ ಬ್ಲೂಮ್‌ಬರ್ಗ್ ಎನ್‌ಇಎಫ್ ನಡೆಸಿದ ಸಮೀಕ್ಷೆಯ ಪ್ರಕಾರ ಲಿಥಿಯಂ ಅಯಾನ್ ಬ್ಯಾಟರಿ ಪ್ಯಾಕಿನ ಸರಾಸರಿ ಬೆಲೆ 2024ರಲ್ಲಿ ಕಿಲೋವ್ಯಾಟ್ ಅವರ್‌ಗೆ 115 ಡಾಲರಿಗೆ ಇಳಿದಿತ್ತು. ಅದು ಹಿಂದಿನ ವರ್ಷಕ್ಕಿಂತ ಶೇ 20ರಷ್ಟು ಕಡಿಮೆ. 2023ರ ಜನವರಿಯಲ್ಲಿ ಟೆಸ್ಲಾ ಹೊಸ ಕಾರುಗಳ ಬೆಲೆಯನ್ನು ಒಮ್ಮೆಲೇ ಕಡಿತಗೊಳಿಸಿದಾಗ ಬಳಸಿದ ಕಾರುಗಳ ಬೆಲೆಯೂ ಜೊತೆಯಲ್ಲೇ ಕುಸಿಯಿತು. ಮೂರು ವರ್ಷದ ಹಿಂದೆ 120ಕ್ಕೆ ಕೊಂಡ ಕಾರಿನ ಸರಿಸಮಾನವಾದ ಹೊಸ ಕಾರು, ರಿಯಾಯಿತಿ ಸಹಾಯಧನಗಳೆಲ್ಲ ಕಳೆದು, ಇಂದು 100ಕ್ಕೆ ಸಿಗುತ್ತದೆ ಎಂದಿಟ್ಟುಕೊಳ್ಳೋಣ. ನ್ಯಾಯವಾದ ಲೆಕ್ಕ ಆ 100ರಿಂದ ಆರಂಭವಾಗಬೇಕು. ಉಳಿದ 20 ಮಾರುವವರ ನಷ್ಟವೇ, ಅದು ನೋವಿನ ಸಂಗತಿಯೇ, ಆದರೆ ಕೊಳ್ಳುವವರು ತುಂಬಿಕೊಡಬೇಕಾದ ಬಾಕಿಯಲ್ಲ.

ಅಲ್ಲಿಂದ ಮುಂದೆ ನಾನು ಕಾರನ್ನು ಎರಡು ಭಾಗವಾಗಿ ಕಾಣುತ್ತೇನೆ. ಬಾಡಿ, ಸಸ್ಪೆನ್ಷನ್, ಟೈರು, ಒಳಾಂಗಣ ಇವೆಲ್ಲ ಬೇರೆ ಯಾವ ಕಾರಿನಂತೆಯೇ ವರ್ಷ ಮತ್ತು ಬಳಕೆಗೆ ತಕ್ಕಂತೆ ಮೌಲ್ಯ ಕಳೆದುಕೊಳ್ಳುತ್ತವೆ. ಬ್ಯಾಟರಿಯ ಭಾಗಕ್ಕೆ ಉಳಿದ ಯೂನಿಟ್ ಎಷ್ಟು, ಉಳಿದ ವಾರಂಟಿ ಎಷ್ಟು ಎಂಬ ಎರಡೇ ಪ್ರಶ್ನೆ. ಅನೇಕ ಕಂಪನಿಗಳ ಬ್ಯಾಟರಿ ವಾರಂಟಿ 8 ವರ್ಷ ಅಥವಾ 1,60,000 ಕಿಲೋಮೀಟರ್, ಯಾವುದು ಮೊದಲೋ ಅದು. ಅಷ್ಟರೊಳಗೆ ಸಾಮರ್ಥ್ಯ ಶೇ 70ಕ್ಕಿಂತ ಕೆಳಗಿಳಿದರೆ ಕಂಪನಿ ದುರಸ್ತಿ ಮಾಡಬೇಕು ಅಥವಾ ಬದಲಿಸಬೇಕು. ಇದರಿಂದ ಒಂದು ವಿಚಿತ್ರ ಪರಿಣಾಮವಿದೆ. ಆರೋಗ್ಯ ಶೇ 69ಕ್ಕೆ ಇಳಿದಿದ್ದು ವಾರಂಟಿ ಇನ್ನೂ ಎರಡು ವರ್ಷ ಇರುವ ಕಾರು, ಆರೋಗ್ಯ ಶೇ 72 ಇದ್ದು ವಾರಂಟಿ ಎರಡೇ ತಿಂಗಳು ಉಳಿದಿರುವ ಕಾರಿಗಿಂತ ಒಳ್ಳೆಯ ಖರೀದಿಯಾಗಬಲ್ಲದು, ಏಕೆಂದರೆ ಮೊದಲನೆಯದರ ಹೊಣೆ ಕಂಪನಿಯದು, ಎರಡನೆಯದರ ಹೊಣೆ ಪೂರ್ತಿ ಕೊಂಡವರದು. ವಾರಂಟಿ ಎರಡನೆಯ ಮಾಲೀಕರಿಗೆ ವರ್ಗವಾಗುತ್ತದೆಯೇ, ಹಿಂದಿನವರು ಸರ್ವಿಸ್ ತಪ್ಪಿಸಿ ಅದನ್ನು ಕಳೆದುಕೊಂಡಿದ್ದಾರೆಯೇ ಎಂಬುದನ್ನು ಮಾತ್ರ ಲಿಖಿತವಾಗಿಯೇ ಪಡೆಯಬೇಕು. ಶೇ 70 ಎನ್ನುವುದು ಬ್ಯಾಟರಿಯ ಸಾವಿನ ಗೆರೆಯಲ್ಲ ಎಂಬುದನ್ನೂ ಇಲ್ಲಿ ಹೇಳಲೇಬೇಕು. ದಿನಕ್ಕೆ 40 ಕಿಲೋಮೀಟರ್ ಓಡಾಡುವವರಿಗೆ ಅಂಥ ಕಾರು ಇನ್ನೂ ಎಷ್ಟೋ ವರ್ಷ ಸಾಕು, ಬೆಲೆ ಅದಕ್ಕೆ ತಕ್ಕಷ್ಟು ಇಳಿದಿದ್ದರೆ.

ಹುಡುಕುವಾಗ ಹೆಸರೊಂದನ್ನೇ ಹಿಡಿದು ಹೋದರೆ ಮೋಸ ಹೋಗುತ್ತೇವೆ. ಲೀಫ್ ಎಂಬ ಒಂದೇ ಹೆಸರಿನಲ್ಲಿ 24, 30, 40, 62 ಕಿಲೋವ್ಯಾಟ್ ಅವರ್ ಬ್ಯಾಟರಿಗಳು ಬಂದಿವೆ. ವೇಗದ ಚಾರ್ಜಿಂಗಿಗೆ ಕೆಲವು ಕಾರುಗಳಲ್ಲಿ ಚಾಡೆಮೊ ಕಿಂಡಿ, ಕೆಲವುಗಳಲ್ಲಿ ಸಿಸಿಎಸ್ ಕಿಂಡಿ ಇದೆ. ಓಡಾಡುವ ದಾರಿಯಲ್ಲಿ ಯಾವುದು ಸಿಗುತ್ತದೆ ಎಂದು ನೋಡದೆ ಕೊಂಡ ಕಾರು ಮನೆಯ ಸುತ್ತಲೇ ಉಳಿಯುತ್ತದೆ. ಯುರೋಪಿನಲ್ಲಿ ಮಾರಾಟವಾದ ಎಷ್ಟೋ ರೆನೋ ಜೋಯ್ ಕಾರುಗಳ ಬ್ಯಾಟರಿ ಬಾಡಿಗೆಯದಾಗಿತ್ತು, ಕಾರು ಮಾತ್ರ ಮಾಲೀಕರದು. ಆದ್ದರಿಂದ ಬ್ಯಾಟರಿಯ ಒಡೆತನವೂ ಮಾರಾಟದಲ್ಲಿ ಸೇರಿದೆಯೇ ಎಂದು ಕೇಳುವುದು ದಡ್ಡ ಪ್ರಶ್ನೆಯಲ್ಲ. ಬಾಡಿಗೆ ಕಂಪನಿಗಳು ಒಟ್ಟಾಗಿ ಮಾರುವ ಕಾರುಗಳು, ಅಮೆರಿಕದ ಹರ್ಟ್ಜ್ ಕಂಪನಿ 2024ರ ಜನವರಿಯಲ್ಲಿ ಸುಮಾರು 20,000 ವಿದ್ಯುತ್ ಕಾರುಗಳನ್ನು ಮಾರುವುದಾಗಿ ಪ್ರಕಟಿಸಿದಂತೆ, ಅಗ್ಗದಲ್ಲಿ ಸಿಗುತ್ತವೆ. ಅವು ಕೆಟ್ಟವೆಂದು ಮೊದಲೇ ತೀರ್ಮಾನಿಸಬೇಕಿಲ್ಲ, ಅಳೆದು ನೋಡಿದರಾಯಿತು. ಹಾಗೆಯೇ ಕಾರನ್ನು ಎತ್ತಿಸಿ ಬ್ಯಾಟರಿ ಪೆಟ್ಟಿಗೆಯ ತಳದಲ್ಲಿ ಕಲ್ಲಿನ ಏಟಿದೆಯೇ ಎಂದು ನೋಡದೆ ಯಾರೂ ಮುಂಗಡ ಕೊಡಬಾರದು. ಬ್ರೇಕ್ ಡಿಸ್ಕ್ ಬಳಕೆ ಕಡಿಮೆಯಾಗಿ ತುಕ್ಕು ಹಿಡಿದಿರಬಹುದು, ಭಾರದ ಕಾರಣ ಟೈರು ಬೇಗ ಸವೆದಿರಬಹುದು. ಇವು ಚಿಕ್ಕ ಖರ್ಚುಗಳು, ಚೌಕಾಸಿಯಲ್ಲಿ ತೀರುತ್ತವೆ.

ಇದೆಲ್ಲವನ್ನೂ ಪ್ರತಿಯೊಬ್ಬ ಕೊಳ್ಳುವವರೂ ಸ್ವತಃ ಕಲಿತು ಮಾಡಬೇಕೆಂದು ಬಯಸುವುದು ನ್ಯಾಯವಲ್ಲ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಷ್ಟು ಹಿಂದೆಯೇ ಹಳೆಯ ಕಾರುಗಳನ್ನು ಮುಂದಿಟ್ಟುಕೊಂಡು ತೋರಿಸಿಕೊಟ್ಟಂತೆ, ಸರಕಿನ ಗುಣ ಮಾರುವವರಿಗೆ ಮಾತ್ರ ತಿಳಿದು ಕೊಳ್ಳುವವರಿಗೆ ತಿಳಿಯದಿದ್ದರೆ, ಕೊಳ್ಳುವವರು ಎಲ್ಲದಕ್ಕೂ ಸಾಧಾರಣ ಬೆಲೆಯನ್ನಷ್ಟೇ ಕೊಡಲು ಮುಂದಾಗುತ್ತಾರೆ, ಒಳ್ಳೆಯ ಕಾರಿನ ಮಾಲೀಕರು ಆ ಬೆಲೆಗೆ ಮಾರಲಾರದೆ ಹಿಂದೆ ಸರಿಯುತ್ತಾರೆ, ಕೊನೆಗೆ ಮಾರುಕಟ್ಟೆಯಲ್ಲಿ ಕೆಟ್ಟವೇ ಹೆಚ್ಚಾಗಿ ಉಳಿಯುತ್ತವೆ. ವಿದ್ಯುತ್ ಕಾರಿನಲ್ಲಿ ಮಾರುವವರಿಗೂ ಗುಣ ತಿಳಿದಿರುವುದಿಲ್ಲ ಎಂಬುದು ಇದಕ್ಕಿಂತ ಒಂದು ಹೆಜ್ಜೆ ಮುಂದಿನ ಕಷ್ಟ. ನಾನು ನೋಡಿದ ಎರಡನೆಯ ಕಾರಿನ ಮಾಲೀಕರು ಕಿಲೋಮೀಟರ್ ಹೆಚ್ಚಾಯಿತೆಂದು ಮೂರು ಬಾರಿ ಬೆಲೆ ಇಳಿಸಿದ್ದರು. ಶೇ 90 ಎಂದು ಫೋನಿನಲ್ಲಿ ತೋರಿಸಿದಾಗ ಅವರ ಮುಖದಲ್ಲಿ ಕಂಡ ಆಶ್ಚರ್ಯ ನನಗೆ ಇನ್ನೂ ನೆನಪಿದೆ. ಅವರು ಕೊನೆಗೆ ಹೇಳಿದ ಬೆಲೆಗಲ್ಲ, ಮೊದಲು ಹೇಳಿದ್ದಕ್ಕೆ ಹತ್ತಿರದ ಬೆಲೆಗೆ ಕಾರನ್ನು ಕೊಂಡೆ, ಅದೇ ಸರಿಯೆನಿಸಿತು.

ನಿಯಮಗಳು ಈ ದಿಕ್ಕಿನಲ್ಲಿ ನಡೆಯುತ್ತಿವೆ. ವಿಶ್ವಸಂಸ್ಥೆಯ ವೇದಿಕೆಯಲ್ಲಿ 2022ರಲ್ಲಿ ಅಂಗೀಕೃತವಾದ 22ನೆಯ ಜಾಗತಿಕ ತಾಂತ್ರಿಕ ನಿಯಮದ ಪ್ರಕಾರ ಕಾರಿನ ಬ್ಯಾಟರಿ 5 ವರ್ಷ ಅಥವಾ 1,00,000 ಕಿಲೋಮೀಟರಿನವರೆಗೆ ಶೇ 80, 8 ವರ್ಷ ಅಥವಾ 1,60,000 ಕಿಲೋಮೀಟರಿನವರೆಗೆ ಶೇ 70 ಸಾಮರ್ಥ್ಯ ಉಳಿಸಿಕೊಳ್ಳಬೇಕು, ಅದರ ಆರೋಗ್ಯದ ಅಂಕಿ ಮಾಲೀಕರಿಗೆ ಓದಲು ಸಿಗಬೇಕು. ಐರೋಪ್ಯ ಒಕ್ಕೂಟದಲ್ಲಿ 2027ರ ಫೆಬ್ರುವರಿ 18ರಿಂದ ವಿದ್ಯುತ್ ವಾಹನದ ಪ್ರತಿ ಹೊಸ ಬ್ಯಾಟರಿಗೂ ಅದರ ವಿವರಗಳನ್ನು ದಾಖಲಿಸಿದ ಡಿಜಿಟಲ್ ಪಾಸ್‌ಪೋರ್ಟ್ ಇರಬೇಕೆಂದು ಕಾನೂನಾಗಿದೆ. ಆದರೆ ಇವು ಹೊಸ ಕಾರುಗಳನ್ನು ಕುರಿತವು. ಇಂದು ಮಾರಾಟಕ್ಕೆ ನಿಂತಿರುವ ಹಳೆಯ ಕಾರುಗಳಿಗೆ ಪಾಸ್‌ಪೋರ್ಟ್ ಬರುವುದಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಬಳಸಿದ ವಿದ್ಯುತ್ ಕಾರಿನ ಜಾಹೀರಾತು ಸ್ವೀಕರಿಸುವ ನಮೂನೆಯಲ್ಲಿ ನಾಲ್ಕು ವಿವರಗಳಿಗೆ ಜಾಗ ಮಾಡಿಕೊಡಿ: ಹೊಸದರಲ್ಲಿದ್ದ ಬ್ಯಾಟರಿ ಸಾಮರ್ಥ್ಯ, ಈಗಿನ ಆರೋಗ್ಯ ಶೇಕಡಾ ಎಷ್ಟು, ಅದನ್ನು ಅಳೆದ ತಿಂಗಳು ಮತ್ತು ವಿಧಾನ, ಬ್ಯಾಟರಿ ವಾರಂಟಿ ಮುಗಿಯುವ ದಿನ. ಅಳೆದಿಲ್ಲದವರು "ಅಳೆದಿಲ್ಲ" ಎಂದೇ ಬರೆಯಲಿ, ಅದೂ ಓದುಗರಿಗೆ ಒಂದು ಮಾಹಿತಿಯೇ. ಜಾಹೀರಾತಿಗೆ ಒಂದು ಸಾಲು ಹೆಚ್ಚಾಗುತ್ತದೆ. ಆ ಒಂದು ಸಾಲಿಗೆ ಆರಂಭದ ಕೆಲವು ತಿಂಗಳು ದರ ವಿಧಿಸದಿದ್ದರೆ ಹೆಚ್ಚಿನವರು ತುಂಬಿಯಾರು. ನಮೂನೆಯನ್ನು ಸರಳವಾಗಿ ಸಿದ್ಧಪಡಿಸಲು ನೆರವು ಬೇಕಿದ್ದರೆ, ನಾನು ಬಳಸಿದ ಲೆಕ್ಕದ ಹಾಳೆಯನ್ನು ತಮ್ಮ ಜಾಹೀರಾತು ವಿಭಾಗಕ್ಕೆ ಕಳುಹಿಸಿಕೊಡಲು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಪತ್ರಿಕೆಯ ಓದುಗ